13 ರೂಪಾಯಿ ಬಾಕಿ, 13 ಗೆಲುವು: ಚರ್ಚಿಲ್ ಮತ್ತು ಅವರ ಮೆಚ್ಚಿನ ಕುದುರೆ

ಹೊಸೂರು: ಹೊಸೂರಿನಿಂದ ಬೆಂಗಳೂರಿಗೆ ಸುಮಾರು 40 ಕಿ.ಮೀ. ಬೆಳಗ್ಗೆ ಬಸ್ಸು ಹತ್ತಿ ಕೆಲಸಕ್ಕೆ ಹೋಗಿ, ಕತ್ತಲಾದ ಮೇಲೆ ಊರು ಸೇರುವವರು ಗಡಿಭಾಗದ ಹಳ್ಳಿಹಳ್ಳಿಯಲ್ಲೂ ಇದ್ದಾರೆ. ಅದೇ ಬೆಂಗಳೂರಿನ ದಂಡು ಪ್ರದೇಶದಲ್ಲಿ 1896ರಿಂದ 1899ರವರೆಗೆ ಒಬ್ಬ ಯುವಕ ಕುದುರೆ ಓಡಿಸಿಕೊಂಡು, ಗುಲಾಬಿ ಬೆಳೆಸಿಕೊಂಡು, ಪುಸ್ತಕ ಓದಿಕೊಂಡು ಇದ್ದ. ಹೋಗುವಾಗ ಕ್ಲಬ್ಬಿನಲ್ಲಿ 13 ರೂಪಾಯಿ ಬಾಕಿ ಉಳಿಸಿ ಹೋದ. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ವಿನ್‌ಸ್ಟನ್ ಚರ್ಚಿಲ್ ಆ ಯುವಕ.

ಚರ್ಚಿಲ್ ಎಂದರೆ ಎಲ್ಲರಿಗೂ ನೆನಪಾಗುವುದು ಎರಡನೇ ಮಹಾಯುದ್ಧ, ಬಾಯಲ್ಲಿ ಚುಟ್ಟಾ, ಭಾರತದ ಸ್ವಾತಂತ್ರ್ಯಕ್ಕೆ ಅಡ್ಡಗಾಲು. ಇವೆಲ್ಲ ನಿಜವೇ. ಆದರೆ ಅವರ ಬದುಕಿಗೆ ಇನ್ನೊಂದು ಮಗ್ಗುಲೂ ಇತ್ತು. ಅದು ಕುದುರೆಯ ಮಗ್ಗುಲು. ಯುದ್ಧ ಗೆದ್ದ ಮನುಷ್ಯ 75ರ ಹೊಸ್ತಿಲಿನಲ್ಲಿ ಒಂದು ಬೂದು ಕುದುರೆಯ ಗೆಲುವಿಗೆ ಮಗುವಿನಂತೆ ಕುಣಿದಾಡಿದ್ದು ಏಕೆ ಎಂದು ತಿಳಿಯಬೇಕಾದರೆ ಅವರ ತಂದೆಯ ಕಾಲಕ್ಕೂ, ಬೆಂಗಳೂರಿನ ದಿನಗಳಿಗೂ ಹೋಗಬೇಕು.

ಕುದುರೆ ಈ ಸೀಮೆಗೆ ಹೊಸದಲ್ಲ

ಹೊಸೂರಿನ ಪಕ್ಕದ ಮತ್ತಿಗಿರಿಯಲ್ಲಿರುವ ಸರ್ಕಾರಿ ಜಾನುವಾರು ಫಾರಂ ಅನ್ನು ಇಂದು ಎಲ್ಲರೂ ದನಕರುಗಳ ಫಾರಂ ಎಂದೇ ಬಲ್ಲರು. ಆದರೆ 1824ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅದನ್ನು ಆರಂಭಿಸಿದ್ದು ಸೈನ್ಯಕ್ಕೆ ಕುದುರೆ ಒದಗಿಸುವ ಸಲುವಾಗಿ. ಕುದುರೆ ಇಲ್ಲದೆ ಆಗಿನ ಸೈನ್ಯವಿಲ್ಲ. ಬೆಂಗಳೂರಿನ ದಂಡು ಕೂಡ ಕುದುರೆ ಲಾಯಗಳಿಂದ ತುಂಬಿತ್ತು. ಆ ಲಾಯಗಳ ನಡುವೆಯೇ ಚರ್ಚಿಲ್ ತಮ್ಮ ಯೌವನದ ಮುಖ್ಯ ವರ್ಷಗಳನ್ನು ಕಳೆದರು.

ಅಪ್ಪನ ಕೋಪ, ಅಪ್ಪನ ಕುದುರೆ

ಚರ್ಚಿಲ್ ಹುಟ್ಟಿದ್ದು 1874ರ ನವೆಂಬರ್ 30ರಂದು, ಇಂಗ್ಲೆಂಡಿನ ಬ್ಲೆನಿಮ್ ಅರಮನೆಯಲ್ಲಿ. ತಂದೆ ಲಾರ್ಡ್ ರಾಂಡಾಲ್ಫ್ ಚರ್ಚಿಲ್ ದೊಡ್ಡ ರಾಜಕಾರಣಿ. 1885ರಿಂದ 86ರವರೆಗೆ ಭಾರತದ ಆಡಳಿತ ನೋಡಿಕೊಳ್ಳುವ ಮಂತ್ರಿಯಾಗಿದ್ದರು. ಆಮೇಲೆ ಹಣಕಾಸು ಮಂತ್ರಿಯಾಗಿ ಕೆಲವೇ ತಿಂಗಳಲ್ಲಿ ರಾಜೀನಾಮೆ ಕೊಟ್ಟು ಮೂಲೆ ಸೇರಿದರು. ತಾಯಿ ಜೆನ್ನಿ ಅಮೆರಿಕದವರು. ಆಕೆಯ ತಂದೆ ಲಿಯೊನಾರ್ಡ್ ಜೆರೋಮ್ ನ್ಯೂಯಾರ್ಕಿನಲ್ಲಿ 1866ರಲ್ಲಿ ಜೆರೋಮ್ ಪಾರ್ಕ್ ಎಂಬ ರೇಸ್ ಕೋರ್ಸ್ ಕಟ್ಟಿಸಿದವರು. ಹೀಗೆ ತಂದೆಯ ಕಡೆಯಿಂದಲೂ ತಾಯಿಯ ಕಡೆಯಿಂದಲೂ ಕುದುರೆಯ ಹುಚ್ಚು ರಕ್ತದಲ್ಲೇ ಬಂದಿತ್ತು.

ರಾಂಡಾಲ್ಫ್ ರಾಜಕೀಯದಲ್ಲಿ ಸೋತ ಮೇಲೆ ರೇಸ್ ಕುದುರೆ ಸಾಕಿದರು. ಅವರು ಪಾಲುದಾರರಾಗಿದ್ದ ಲಾಬೆಸ್ ದ ಜುವಾರ್ ಎಂಬ ಹೆಣ್ಣು ಕುದುರೆ 1889ರಲ್ಲಿ ಎಪ್ಸಮ್ ಮೈದಾನದಲ್ಲಿ ಓಕ್ಸ್ ಎಂಬ ಹೆಸರಾಂತ ಓಟವನ್ನು ಗೆದ್ದಿತು. ಮನೆತನದ ಸವಾರರಿಗೆ ಗುಲಾಬಿ ಬಣ್ಣದ ಅಂಗಿ, ಚಾಕೊಲೇಟ್ ಬಣ್ಣದ ತೋಳು ಮತ್ತು ಟೋಪಿ. ಆಗ ಶಾಲೆಯಲ್ಲಿ ಓದುತ್ತಿದ್ದ 14 ವರ್ಷದ ವಿನ್‌ಸ್ಟನ್‌ಗೆ ಆ ಬಣ್ಣ ಮನಸ್ಸಿನಲ್ಲಿ ಅಚ್ಚೊತ್ತಿ ಕುಳಿತಿತು.

ಆದರೆ ತಂದೆಗೆ ಮಗನ ಮೇಲೆ ಭರವಸೆ ಇರಲಿಲ್ಲ. ಸ್ಯಾಂಡ್‌ಹರ್ಸ್ಟ್ ಸೈನಿಕ ಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ಹುಡುಗ ಎರಡು ಸಲ ನಪಾಸಾದ. ಮೂರನೇ ಸಲ, 1893ರಲ್ಲಿ, ಪಾಸಾದರೂ ಅಂಕ ಸಾಲದೆ ಕಾಲಾಳು ಪಡೆಯ ಬದಲು ಕುದುರೆ ಪಡೆಗೆ ಸೇರಬೇಕಾಯಿತು. ಕುದುರೆ ಪಡೆ ಎಂದರೆ ಕುದುರೆಯ ಖರ್ಚು ಮನೆಯವರ ತಲೆ ಮೇಲೆ. ಶಹಬ್ಬಾಸ್‌ಗಿರಿ ನಿರೀಕ್ಷಿಸಿದ್ದ ಮಗನಿಗೆ ತಂದೆಯಿಂದ ಬಂದದ್ದು ಕಟುವಾದ ಬೈಗುಳದ ಪತ್ರ. ಸ್ಯಾಂಡ್‌ಹರ್ಸ್ಟ್ ಮುಗಿಸುವ ಹೊತ್ತಿಗೆ ವಿನ್‌ಸ್ಟನ್ ಕುದುರೆ ಸವಾರಿ ಸ್ಪರ್ಧೆಯಲ್ಲಿ ಎರಡನೆಯವನಾದ. ಅದನ್ನು ಮೆಚ್ಚಿಕೊಳ್ಳುವ ಸ್ಥಿತಿಯಲ್ಲಿ ತಂದೆ ಇರಲಿಲ್ಲ. ಕಾಯಿಲೆಯಿಂದ ನರಳಿ 1895ರ ಜನವರಿ 24ರಂದು, 45ನೇ ವಯಸ್ಸಿಗೇ ರಾಂಡಾಲ್ಫ್ ತೀರಿಕೊಂಡರು. ಅಪ್ಪನಿಂದ ಭೇಷ್ ಎನ್ನಿಸಿಕೊಳ್ಳಬೇಕೆಂಬ ಆಸೆ ಮಗನಲ್ಲಿ ಹಾಗೇ ಉಳಿಯಿತು.

ಅದೇ ವರ್ಷ 4ನೇ ಹುಸಾರ್ಸ್ ಎಂಬ ಕುದುರೆ ಪಡೆಗೆ ಸೇರಿದ ವಿನ್‌ಸ್ಟನ್, ಕಿರಿಯ ಅಧಿಕಾರಿಗಳ ರೇಸೊಂದರಲ್ಲಿ ಸವಾರಿ ಮಾಡಿ ಮೂರನೇ ಸ್ಥಾನ ಪಡೆದರು. ಆದರೆ ಗೆದ್ದ ಕುದುರೆಯೇ ಬದಲಿ ಕುದುರೆ ಎಂಬ ಗುಲ್ಲೆದ್ದು, 1896ರಲ್ಲಿ ಆ ಓಟವನ್ನೇ ರದ್ದುಪಡಿಸಲಾಯಿತು. ಹೀಗೆ ರೇಸಿನ ಮೊದಲ ಅನುಭವವೇ ಕಹಿಯಾಯಿತು.

ಮುಂಬೈ ದಕ್ಕೆಯಲ್ಲಿ ಮುರಿದ ಭುಜ

1896ರ ಸೆಪ್ಟೆಂಬರಿನಲ್ಲಿ ಹಡಗು ಹತ್ತಿದ 4ನೇ ಹುಸಾರ್ಸ್ ಪಡೆ ಅಕ್ಟೋಬರ್ ಆರಂಭದಲ್ಲಿ ಮುಂಬೈ ತಲುಪಿತು. ಸಸೂನ್ ದಕ್ಕೆಯಲ್ಲಿ ದೋಣಿಯಿಂದ ಇಳಿಯುವ ಆತುರದಲ್ಲಿ ಚರ್ಚಿಲ್ ಗೋಡೆಯ ಕಬ್ಬಿಣದ ಬಳೆ ಹಿಡಿದರು. ಅಷ್ಟರಲ್ಲಿ ಅಲೆ ಇಳಿದು ದೋಣಿ ಕೆಳಗೆ ಜಾರಿತು. ಬಲ ಭುಜದ ಕೀಲು ತಪ್ಪಿತು. ಆ ಭುಜ ಮತ್ತೆ ಎಂದೂ ಸರಿಹೋಗಲಿಲ್ಲ. ಮುಂದೆ ಆಡಿದ ಪೋಲೋ ಎಲ್ಲವನ್ನೂ ಅವರು ತೋಳನ್ನು ಪಟ್ಟಿಯಿಂದ ಮೈಗೆ ಬಿಗಿದುಕೊಂಡೇ ಆಡಿದರು. 1898ರಲ್ಲಿ ಸುಡಾನಿನ ಓಮ್‌ಡುರ್ಮನ್ ಯುದ್ಧದಲ್ಲಿ ಕುದುರೆ ಮೇಲೆ ಕತ್ತಿ ಬೀಸಲಾಗದೆ ಪಿಸ್ತೂಲು ಹಿಡಿದರು. ಬಹುಶಃ ಅದೇ ಅವರ ಜೀವ ಉಳಿಸಿತು ಎಂದು ಅವರೇ ಆಮೇಲೆ ನಂಬಿದ್ದರು.

ದಂಡಿನ ದಿನಚರಿ

ಬೆಂಗಳೂರಿನಲ್ಲಿ ಚರ್ಚಿಲ್ ಇಬ್ಬರು ಗೆಳೆಯರ ಜೊತೆ ದೊಡ್ಡ ಬಂಗಲೆಯೊಂದನ್ನು ಬಾಡಿಗೆಗೆ ಹಿಡಿದರು. ಸುತ್ತ ಗುಲಾಬಿ ತೋಟ. ಹೊಸೂರಿನಂತೆಯೇ ಸಮುದ್ರ ಮಟ್ಟದಿಂದ 3,000 ಅಡಿ ಎತ್ತರದ ಊರು, ಬೆಳಗು ಸಂಜೆ ತಂಪು. ಚಿಟ್ಟೆ ಹಿಡಿದು ಜೋಡಿಸುವ ಹವ್ಯಾಸವೂ ಇತ್ತು. ಆ ಸಂಗ್ರಹವನ್ನು ಒಂದು ಇಲಿ ನುಗ್ಗಿ ತಿಂದು ಹಾಕಿತು.

ಬೆಳಗ್ಗೆ 6ಕ್ಕೆ ಕವಾಯತು. ಆಮೇಲೆ ಸ್ನಾನ, ತಿಂಡಿ, ಲಾಯದ ಮೇಲ್ವಿಚಾರಣೆ. ಹತ್ತೂವರೆಗೆಲ್ಲ ಕೆಲಸ ಮುಗಿಯುತ್ತಿತ್ತು. ಮಧ್ಯಾಹ್ನದ ಬಿಸಿಲಲ್ಲಿ ಉಳಿದವರು ನಿದ್ದೆ ಹೋದರೆ ಚರ್ಚಿಲ್ ಪುಸ್ತಕ ಹಿಡಿಯುತ್ತಿದ್ದರು. ಕಾಲೇಜು ಮೆಟ್ಟಿಲು ಹತ್ತದ ಅವರು ಗಿಬ್ಬನ್, ಮೆಕಾಲೆ, ಪ್ಲೇಟೋ, ಡಾರ್ವಿನ್ ಇವರನ್ನೆಲ್ಲ ಓದಿದ್ದು ಬೆಂಗಳೂರಿನಲ್ಲಿಯೇ. ತಾಯಿ ಇಂಗ್ಲೆಂಡಿನಿಂದ ಪುಸ್ತಕಗಳನ್ನು ಕಳಿಸುತ್ತಿದ್ದರು. ಅವರ ಮೊದಲ ಪುಸ್ತಕವಾದ ಮಲಕಂಡ್ ದಂಡಯಾತ್ರೆಯ ಕಥನವೂ ಇಲ್ಲಿಯೇ ಬರೆದದ್ದು. ಅದು 1898ರಲ್ಲಿ ಅಚ್ಚಾಯಿತು.

ಸಂಜೆ 5 ಆದರೆ ಪೋಲೋ. ಅದಕ್ಕಾಗಿಯೇ ದಿನವಿಡೀ ಕಾಯುತ್ತಿದ್ದರು ಎನ್ನಬೇಕು. ಪೋಲೋ ಕುದುರೆಯನ್ನು ತಯಾರು ಮಾಡುವುದು ಸುಲಭದ ಮಾತಲ್ಲ. ಕಿವಿಯ ಪಕ್ಕದಲ್ಲೇ ದಾಂಡು ಬೀಸಿದರೂ ಅದು ಬೆದರಬಾರದು. ಓಡುತ್ತಿದ್ದಂತೆ ಗಕ್ಕನೆ ನಿಲ್ಲಬೇಕು, ನಿಂತಲ್ಲೇ ತಿರುಗಬೇಕು, ಎದುರು ಕುದುರೆಗೆ ಮೈಯೊಡ್ಡಿ ತಳ್ಳಬೇಕು. ಇದೆಲ್ಲ ತಿಂಗಳುಗಟ್ಟಲೆ ದಿನವೂ ಕಲಿಸಿದರೆ ಮಾತ್ರ ಬರುವ ವಿದ್ಯೆ. ಹುಸಾರ್ಸ್ ಅಧಿಕಾರಿಗಳು ಜಾಣತನ ಮಾಡಿ, ಪೂನಾ ಲೈಟ್ ಹಾರ್ಸ್ ಎಂಬ ಪಡೆಯ ಬಳಿ ಇದ್ದ 25 ಪಳಗಿದ ಕುದುರೆಗಳನ್ನು ಒಟ್ಟಿಗೇ ಕೊಂಡರು. ಮುಂಬೈಗೆ ಇಳಿದ ಎರಡು ತಿಂಗಳೊಳಗೆ ಹೈದರಾಬಾದಿನಲ್ಲಿ ಗೋಲ್ಕೊಂಡ ಕಪ್ ಗೆದ್ದರು. ಹೊಸದಾಗಿ ಬಂದ ಪಡೆಯೊಂದು ಇಷ್ಟು ಬೇಗ ಕಪ್ ಗೆದ್ದದ್ದು ಎಲ್ಲರಿಗೂ ಅಚ್ಚರಿ ತಂದಿತು.

ಪ್ರತಿ ಕುದುರೆಗೂ ಒಬ್ಬ ಆಳು. ಮೈ ಉಜ್ಜುವುದು, ಹುರುಳಿ ಬೇಯಿಸಿ ತಿನ್ನಿಸುವುದು, ಲದ್ದಿ ಬಳಿಯುವುದು, ಕಾಲು ಊದಿದರೆ ರಾತ್ರಿಯೆಲ್ಲ ಎಚ್ಚರವಿರುವುದು ಎಲ್ಲವೂ ಆ ಆಳಿನದೇ. ಆಳುಗಳೆಲ್ಲ ಈ ನೆಲದವರು. ಕಪ್ಪಿನ ಮೇಲೆ ಸವಾರರ ಹೆಸರು ಕೆತ್ತಿದರು, ಆಳುಗಳ ಹೆಸರು ಎಲ್ಲೂ ಉಳಿಯಲಿಲ್ಲ.

ಇಷ್ಟು ಠೀವಿಗೆ ಸಂಬಳ ಸಾಲುತ್ತಿರಲಿಲ್ಲ. ಮನೆಯಿಂದ ವರ್ಷಕ್ಕೆ 500 ಪೌಂಡು ಬರುತ್ತಿತ್ತು. ಅದೂ ಸಾಲದೆ ಅಧಿಕಾರಿಗಳು ಇಲ್ಲಿನ ಸಾಹುಕಾರರ ಬಳಿ ತಿಂಗಳಿಗೆ ನೂರಕ್ಕೆ ಎರಡು ಮೂರು ರೂಪಾಯಿ ಬಡ್ಡಿಗೆ ಸಾಲ ಎತ್ತುತ್ತಿದ್ದರು. ಚರ್ಚಿಲ್ ಕೂಡ ಇದಕ್ಕೆ ಹೊರತಲ್ಲ.

ಮೀರತ್ತಿನ ಕೊನೆಯ ಆಟ

ಆಗಿನ ಕುದುರೆ ಪಡೆಗಳಿಗೆಲ್ಲ ಮೀರತ್ತಿನಲ್ಲಿ ನಡೆಯುವ ಅಂತರ ಪಡೆ ಪೋಲೋ ಪಂದ್ಯವೇ ದೊಡ್ಡದು. ದಕ್ಷಿಣ ಭಾರತದಲ್ಲಿ ನೆಲೆಸಿದ ಪಡೆ ಅದನ್ನು ಗೆದ್ದದ್ದೇ ಇರಲಿಲ್ಲ. 1899ರಲ್ಲಿ ಬೆಂಗಳೂರಿನಿಂದ 1,400 ಮೈಲಿ ದೂರಕ್ಕೆ ರೈಲಿನಲ್ಲಿ ಸುಮಾರು 30 ಕುದುರೆಗಳು ಹೊರಟವು. ದಾರಿಯಲ್ಲಿ ಜೋಧಪುರದ ಸರ್ ಪ್ರತಾಪ್ ಸಿಂಗ್ ಅವರ ಬಳಿ ತಂಗಿ ತಾಲೀಮು ನಡೆಸಿದರು. ಅಲ್ಲಿ ಚರ್ಚಿಲ್ ಮೆಟ್ಟಿಲಿನಿಂದ ಜಾರಿ ಬಿದ್ದು, ಅದೇ ಹಳೆಯ ಭುಜ ಮತ್ತೆ ಕೀಲು ತಪ್ಪಿತು. ಬದಲಿ ಆಟಗಾರ ಇದ್ದರೂ ಗೆಳೆಯರು ಅವರನ್ನು ಬಿಡಲಿಲ್ಲ. ಮೊಣಕೈಯನ್ನು ಮೈಗೆ ಕಟ್ಟಿಕೊಂಡು ಆಡಿದರು. ಫೈನಲ್‌ನಲ್ಲಿ 4ನೇ ಡ್ರಗೂನ್ ಗಾರ್ಡ್ಸ್ ತಂಡವನ್ನು 4-3ರಿಂದ ಸೋಲಿಸಿ ಕಪ್ ಬೆಂಗಳೂರಿಗೆ ಬಂತು. ಗೋಲು ಹೊಡೆದವರಲ್ಲಿ ಚರ್ಚಿಲ್ ಕೂಡ ಒಬ್ಬರು.

ಆ ನಾಲ್ವರು ಮತ್ತೆ ಎಂದೂ ಒಟ್ಟಿಗೆ ಆಡಲಿಲ್ಲ. ಒಬ್ಬರು ದಕ್ಷಿಣ ಆಫ್ರಿಕಾದ ಯುದ್ಧದಲ್ಲಿ ಸತ್ತರು, ಇನ್ನೊಬ್ಬರು ತೀವ್ರವಾಗಿ ಗಾಯಗೊಂಡರು. ಚರ್ಚಿಲ್ 1899ರ ವಸಂತದಲ್ಲಿ ಸೈನ್ಯ ಬಿಟ್ಟು ಇಂಗ್ಲೆಂಡಿಗೆ ಹೊರಟರು. ಮತ್ತೆ ಭಾರತಕ್ಕೆ ಕಾಲಿಡಲಿಲ್ಲ. ಅದೇ ವರ್ಷ ಜೂನ್ 1ರಂದು ಬೆಂಗಳೂರಿನ ಕ್ಲಬ್ಬಿನವರು ವಸೂಲಾಗದ ಬಾಕಿಗಳ ಪಟ್ಟಿ ಬರೆದಾಗ ಅದರಲ್ಲಿ ಲೆಫ್ಟಿನೆಂಟ್ ಚರ್ಚಿಲ್ ಹೆಸರೂ ಸೇರಿತು. ಮೊತ್ತ 13 ರೂಪಾಯಿ.

ಮರೆತ ನಾಡು

1900ರಲ್ಲಿ ಸಂಸತ್ ಸದಸ್ಯ, ಆಮೇಲೆ ಗೃಹ ಮಂತ್ರಿ, ನೌಕಾಪಡೆಯ ಮಂತ್ರಿ, ತಂದೆಯಂತೆಯೇ ಹಣಕಾಸು ಮಂತ್ರಿ. 1940ರ ಮೇ 10ರಂದು ಪ್ರಧಾನಿಯಾಗಿ ಹಿಟ್ಲರನ ವಿರುದ್ಧ ಬ್ರಿಟನ್ನನ್ನು ಎದ್ದು ನಿಲ್ಲಿಸಿದ್ದು ಜಗತ್ತಿಗೆ ಗೊತ್ತಿರುವ ಸಂಗತಿ. ಅದೇ ಮನುಷ್ಯ ಭಾರತದ ವಿಷಯದಲ್ಲಿ ಮಾತ್ರ 1890ರ ದಶಕದ ದಂಡಿನ ಬಂಗಲೆಯಿಂದ ಹೊರಗೆ ಬರಲೇ ಇಲ್ಲ. ಗಾಂಧೀಜಿಯವರನ್ನು ಹೀನಾಯವಾಗಿ ಆಡಿಕೊಂಡರು. ಭಾರತೀಯರಿಗೆ ಸ್ವಲ್ಪ ಅಧಿಕಾರ ಕೊಡುವ 1935ರ ಕಾಯ್ದೆಯನ್ನು ಕಡೆಯವರೆಗೂ ವಿರೋಧಿಸಿದರು. 1943ರ ಬಂಗಾಳದ ಕ್ಷಾಮದಲ್ಲಿ 30 ಲಕ್ಷದಷ್ಟು ಜನ ಸತ್ತರೆಂಬ ಅಂದಾಜಿದೆ. ಧಾನ್ಯದ ಹಡಗು ಕಳಿಸಿ ಎಂದು ಭಾರತದಿಂದ ಹೋದ ಮೊರೆಗಳಿಗೆ ಅವರ ಯುದ್ಧ ಸಂಪುಟ ಬೇಕಾದಷ್ಟು ಓಗೊಡಲಿಲ್ಲ. ಅವರ ಹೊಣೆ ಎಷ್ಟು ಎಂಬ ಬಗ್ಗೆ ಇತಿಹಾಸಕಾರರು ಇಂದಿಗೂ ವಾದಿಸುತ್ತಿದ್ದಾರೆ. ಕುದುರೆಯ ಕಥೆ ಹೇಳುವಾಗ ಇದನ್ನು ಬಿಟ್ಟು ಹೇಳಿದರೆ ಕಥೆ ಅರ್ಧವೇ ಆಗುತ್ತದೆ.

ಬೂದು ಕುದುರೆ ಬಂತು

ಯುದ್ಧ ಗೆದ್ದ ಚರ್ಚಿಲ್ 1945ರ ಚುನಾವಣೆ ಸೋತರು. 1947ರಲ್ಲಿ ಅವರು ಒಂದು ಸಣ್ಣ ಬರಹ ಬರೆದರು. ಸತ್ತ ತಂದೆ ಕನಸಿನಂತೆ ಎದುರು ಬಂದು ಕುಳಿತು ಲೋಕದ ಸಮಾಚಾರ ಕೇಳುತ್ತಾರೆ. ಮಗ ಎಲ್ಲವನ್ನೂ ಹೇಳುತ್ತಾನೆ, ತಾನು ಏನಾದೆ ಎಂಬುದನ್ನು ಬಿಟ್ಟು. ಅದನ್ನು ಹೇಳುವ ಮೊದಲೇ ತಂದೆ ಮಾಯವಾಗುತ್ತಾರೆ. ತಂದೆ ತೀರಿ 50 ವರ್ಷ ಕಳೆದ ಮೇಲೂ ಮಗನ ಎದೆಯಲ್ಲಿ ಆ ಕೊರತೆ ಮುಳ್ಳಿನಂತೆ ಇತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇಂಥ ಹೊತ್ತಿನಲ್ಲಿ, 1949ರಲ್ಲಿ, ಅಳಿಯ ಕ್ರಿಸ್ಟೋಫರ್ ಸೋಮ್ಸ್ ರೇಸ್ ಕುದುರೆ ಕೊಳ್ಳುವ ಸಲಹೆ ಕೊಟ್ಟರು. ಹೆಂಡತಿ ಕ್ಲೆಮೆಂಟೈನ್‌ಗೆ ಇದು ಅಷ್ಟಾಗಿ ಹಿಡಿಸಲಿಲ್ಲ. ಆದರೂ ಫ್ರಾನ್ಸಿನಲ್ಲಿ ಹುಟ್ಟಿದ ಮೂರು ವರ್ಷದ ಬೂದು ಬಣ್ಣದ ಗಂಡು ಕುದುರೆಯೊಂದನ್ನು 1,500 ಪೌಂಡಿಗೆ ಕೊಂಡರು. ಹೆಸರು ಕಾಲನಿಸ್ಟ್ ಟು. ಸವಾರರಿಗೆ ಯಾವ ಬಣ್ಣ? ಅಪ್ಪನದೇ. ಗುಲಾಬಿ ಅಂಗಿ, ಚಾಕೊಲೇಟ್ ತೋಳು ಮತ್ತು ಟೋಪಿ.

ಕುದುರೆಯನ್ನು ತರಬೇತಿಗೆ ಬಿಟ್ಟದ್ದು ಎಪ್ಸಮ್‌ನ ವಾಲ್ಟರ್ ನೈಟಿಂಗಾಲ್ ಅವರ ಲಾಯದಲ್ಲಿ. 60 ವರ್ಷದ ಹಿಂದೆ ರಾಂಡಾಲ್ಫ್ ಅವರ ಕುದುರೆ ಗೆದ್ದದ್ದೂ ಎಪ್ಸಮ್‌ನಲ್ಲೇ ಎಂಬುದು ಗಮನಿಸಬೇಕಾದ ಅಂಶ. ನೈಟಿಂಗಾಲ್ ತಂದೆಯ ಕಾಲದಿಂದ ಇದೇ ಕಸುಬಿನವರು. 1943ರಲ್ಲಿ ಡರ್ಬಿ ಗೆದ್ದ ಸ್ಟ್ರೈಟ್ ಡೀಲ್ ಅವರ ಕೈಯಲ್ಲೇ ತಯಾರಾದದ್ದು. ಹೆಚ್ಚು ಬೆಲೆಯಿಲ್ಲದ ಈ ಬೂದು ಕುದುರೆಯಲ್ಲಿ ಅವರು ಕಂಡದ್ದು ದಮ್ಮು. ಕಣ್ಣು ಕೋರೈಸುವ ವೇಗ ಇರಲಿಲ್ಲ. ಆದರೆ ದೂರದ ಓಟದಲ್ಲಿ ಮುಂದೆ ನಿಂತು, ಮೇಲೆ ಬಿದ್ದ ಕುದುರೆಗೆ ದಾರಿ ಬಿಡದ ಹಠ ಇತ್ತು. ಅದಕ್ಕೆ ತಕ್ಕಂತೆ ಓಟಗಳನ್ನು ಆರಿಸಿದರು. ಯಾವ ದಿನ ಓಡಿಸಬೇಕು, ಯಾವ ದಿನ ಬಿಡಬೇಕು ಎಂದು ಅಳೆದು ತೂಗಿದರು. ತರಬೇತುದಾರನ ಹೆಮ್ಮೆ ಇರುವುದೇ ಇಲ್ಲಿ. ಎಲ್ಲರ ಕಣ್ಣಿಗೆ ಸಾಧಾರಣವಾಗಿ ಕಂಡ ಪ್ರಾಣಿಯಲ್ಲಿ ಏನಿದೆ ಎಂದು ಮೊದಲು ಕಾಣುವವನು ಅವನೇ.

1949ರ ಆಗಸ್ಟ್‌ನಲ್ಲಿ ಸಾಲಿಸ್‌ಬರಿಯಲ್ಲಿ ಕಾಲನಿಸ್ಟ್ ಚರ್ಚಿಲ್‌ಗೆ ಮೊದಲ ಗೆಲುವು ತಂದಿತು. ಅದೇ ತಿಂಗಳು ಫ್ರಾನ್ಸಿನ ಕರಾವಳಿಯಲ್ಲಿದ್ದ ಚರ್ಚಿಲ್‌ಗೆ ಸಣ್ಣದಾಗಿ ಲಕ್ವ ಹೊಡೆದಿತ್ತು. ಹೊರಗೆ ಯಾರಿಗೂ ತಿಳಿಯದಂತೆ ಮುಚ್ಚಿಟ್ಟರು. ಹಾಸಿಗೆ ಹಿಡಿಯಬೇಕಾದ ಮುದುಕನಿಗೆ ಕುದುರೆಯ ಗೆಲುವು ಔಷಧಿಯಂತೆ ಬಂತು. 1950ರಲ್ಲಿ ಗೆಲುವಿನ ಮೇಲೆ ಗೆಲುವು. ನ್ಯೂಮಾರ್ಕೆಟ್‌ನಲ್ಲಿ ಜಾಕಿ ಕ್ಲಬ್ ಸ್ಟೇಕ್ಸ್ ಗೆದ್ದಿತು. ಅದೇ ವರ್ಷ ಚರ್ಚಿಲ್ ಜಾಕಿ ಕ್ಲಬ್ಬಿನ ಸದಸ್ಯರಾದರು. ಅವರು ಲಾಯಕ್ಕೆ ಹೋಗಿ ಕುದುರೆಯ ಮೂಗು ಸವರುವುದು, ರೇಸಿನ ದಿನ ಜನರತ್ತ ಟೋಪಿ ಎತ್ತುವುದು ಪತ್ರಿಕೆಗಳಿಗೆ ಸುಗ್ಗಿಯಾಯಿತು. ಬಡ ಕೂಲಿಕಾರರೂ ಆ ಬೂದು ಕುದುರೆಯ ಮೇಲೆ ಬಿಡಿಗಾಸು ಕಟ್ಟುತ್ತಿದ್ದರು.

1951ರ ಮೇ ತಿಂಗಳಲ್ಲಿ ಹರ್ಸ್ಟ್ ಪಾರ್ಕ್ ಮೈದಾನದಲ್ಲಿ ಚರ್ಚಿಲ್ ಹೆಸರಿನದೇ ಓಟ. ಎದುರಿಗೆ ರಾಜ ಆರನೇ ಜಾರ್ಜ್ ಅವರ ಕುದುರೆ ಅಬವ್ ಬೋರ್ಡ್. ಸವಾರ ಟಾಮಿ ಗಾಸ್ಲಿಂಗ್ ಏರಿದ್ದ ಕಾಲನಿಸ್ಟ್ ರಾಜನ ಕುದುರೆಯನ್ನೇ ಹಿಂದೆ ಹಾಕಿತು. ಜೀವನವಿಡೀ ರಾಜಭಕ್ತನಾಗಿದ್ದ ಚರ್ಚಿಲ್‌ಗೆ ಸಂಕೋಚವೂ ಆಯಿತು, ಹಿಗ್ಗಂತೂ ಹೇಳತೀರದು. ಆ ವರ್ಷವೇ ಅಕ್ಟೋಬರಿನಲ್ಲಿ ಅವರು ಮತ್ತೆ ಪ್ರಧಾನಿಯಾದರು. ಕಾಲನಿಸ್ಟ್ ನಿವೃತ್ತಿಯಾಯಿತು. ಒಟ್ಟು 13 ಗೆಲುವು, ಬಹುಮಾನ ಸುಮಾರು 12,000 ಪೌಂಡು. ಕೊಟ್ಟ ಬೆಲೆಯ ಎಂಟು ಪಟ್ಟು.

ಒಂದು ಓಟದಲ್ಲಿ ಅದು ಸೋತಾಗ ಚರ್ಚಿಲ್ ಹೇಳಿಕೊಂಡು ನಗಿಸುತ್ತಿದ್ದ ಪ್ರಸಂಗವೊಂದಿದೆ. ಗೆದ್ದರೆ ಇನ್ನು ಓಡುವ ಕಷ್ಟವಿಲ್ಲ, ಉಳಿದ ಆಯುಸ್ಸೆಲ್ಲ ಹೆಣ್ಣು ಕುದುರೆಗಳ ನಡುವೆ ಸುಖವಾಗಿರಬಹುದು ಎಂದು ತಾವು ಅದರ ಕಿವಿಯಲ್ಲಿ ಹೇಳಿದ್ದೇ ತಪ್ಪಾಯಿತಂತೆ. ಕುದುರೆಗೆ ಓಟದ ಮೇಲೆ ಗಮನವೇ ಇಲ್ಲದಂತಾಯಿತಂತೆ!

ಕೊನೆಯ ಸುತ್ತು

ಆಮೇಲೂ ನೈಟಿಂಗಾಲ್ ಲಾಯದಿಂದ ಅವರಿಗೆ ಒಳ್ಳೆಯ ಕುದುರೆಗಳು ಬಂದವು. ವಿಯೆನ್ನಾ ಎಂಬ ಕುದುರೆ 1960ರ ಡರ್ಬಿಯಲ್ಲಿ ಓಡಬೇಕಿತ್ತು. ಲಾಳ ಹೊಡೆಯುವಾಗ ಮೊಳೆ ಗೊರಸಿಗೆ ಚುಚ್ಚಿ ಓಡಲಾಗಲಿಲ್ಲ. ಅದರ ಮರಿಯಾದ ವೇಗ್ಲಿ ನೋಬಲ್ 1968ರಲ್ಲಿ ಪ್ಯಾರಿಸ್ಸಿನ ಆರ್ಕ್ ಓಟ ಗೆದ್ದಾಗ ನೋಡಲು ಚರ್ಚಿಲ್ ಇರಲಿಲ್ಲ. 1965ರ ಜನವರಿ 24ರಂದು, 90ನೇ ವಯಸ್ಸಿನಲ್ಲಿ ಅವರು ತೀರಿಕೊಂಡಿದ್ದರು. ಸರಿಯಾಗಿ 70 ವರ್ಷದ ಹಿಂದೆ ತಂದೆ ಕಣ್ಣು ಮುಚ್ಚಿದ್ದೂ ಅದೇ ಜನವರಿ 24ರಂದು. ನೈಟಿಂಗಾಲ್ 1968ರಲ್ಲಿ ನಿಧನರಾದರು.

ಯುದ್ಧದ ಗೆಲುವು ದೇಶದ್ದು, ಲಕ್ಷಾಂತರ ಸೈನಿಕರದು. ಅಪ್ಪನ ಬಣ್ಣ ಮೊದಲಿಗೆ ಗುರಿ ಮುಟ್ಟಿದ ಗೆಲುವು ಮಾತ್ರ ಮಗನ ಸ್ವಂತದ್ದು. ಯಾವ ಪದವಿಯೂ ತುಂಬದ ಕೊರತೆಯನ್ನು ಒಂದು ಮೂಕ ಪ್ರಾಣಿ ತುಂಬಿತು. ಎತ್ತಿನ ಗಾಡಿ ಓಟದಲ್ಲಿ, ಎರುದು ಬಿಡುವ ಹಬ್ಬದಲ್ಲಿ ಮನೆಯ ಹೋರಿ ಗೆದ್ದರೆ ತೀರಿಹೋದ ಹಿರಿಯರನ್ನು ನೆನೆದು ಕಣ್ಣೊರೆಸಿಕೊಳ್ಳುವ ಗಡಿನಾಡಿನ ರೈತನಿಗೆ ಈ ಹಿಗ್ಗು ಅರ್ಥವಾಗದ್ದೇನಲ್ಲ.

ಆದರೆ ಲೆಕ್ಕದ ಪುಸ್ತಕ ಇನ್ನೂ ತೆರೆದೇ ಇದೆ. ಕ್ಲಬ್ಬಿನ ಆ 13 ರೂಪಾಯಿಯನ್ನು ಜನ ಇಂದು ನಗುತ್ತ ನೆನೆಯುತ್ತಾರೆ. ನೆನಪಿನಲ್ಲಿ ಇಡಬೇಕಾದ ದೊಡ್ಡ ಬಾಕಿಗಳು ಬೇರೆ. ದಂಡಿನ ಲಾಯಗಳಲ್ಲಿ ಕುದುರೆ ಮೈ ಉಜ್ಜಿದ ಹೆಸರಿಲ್ಲದ ಆಳುಗಳದ್ದು ಒಂದು. ಬಂಗಾಳದಲ್ಲಿ ಅನ್ನವಿಲ್ಲದೆ ಸತ್ತವರದ್ದು ಇನ್ನೊಂದು. ಅವು ಯಾವ ಕ್ಲಬ್ಬಿನ ಪಟ್ಟಿಯಲ್ಲೂ ಇಲ್ಲ.